ಮಳೆಗಾಲದಲ್ಲಿ ಮ್ಯಾಟ್ ಕೋಟ್ ಬೆಳ್ಳಗಾಗ್ತಾ ಉಂಟು, ಸರಿಯಾದ ಮ್ಯಾಟ್, ಸ್ಯಾಟಿನ್ ತರೋದು ಹೇಗೆ?

ಗಾಳಿಬೀಡು_ಹಂಟರ್:

ಎಲ್ಲರಿಗೂ ನಮಸ್ಕಾರ. 1/72 ಸ್ಕೇಲಿನ (ಅಸಲಿಗಿಂತ 72 ಪಟ್ಟು ಸಣ್ಣ) ಹಾಕರ್ ಹಂಟರ್ ಯುದ್ಧ ವಿಮಾನದ ಪ್ಲಾಸ್ಟಿಕ್ ಮಾಡೆಲ್ ಮಾಡ್ತಾ ಇದ್ದೀನಿ, ನಮ್ಮ ವಾಯುಪಡೆಯ ಹಸಿರು-ಬೂದು ಕ್ಯಾಮೊಫ್ಲಾಜ್. ಬಣ್ಣ ಚೆನ್ನಾಗಿ ಕೂತಿತ್ತು, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ಗುರುತಿನ ಚಿತ್ರ) ಹಾಕಿ ಆಯ್ತು, ಕೊನೆಗೆ ಎಲ್ಲ ಒಂದೇ ಥರ ಕಾಣ್ಲಿ ಅಂತ ಲ್ಯಾಕರ್ ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ ಪಾರದರ್ಶಕ ಕೋಟ್) ಸ್ಪ್ರೇ ಕ್ಯಾನ್ ತಗೊಂಡು ವರಾಂಡದಲ್ಲಿ ಹೊಡೆದೆ. ಹೊಡೆಯುವಾಗ ಸರಿ ಇತ್ತು, ಒಳಗೆ ತಂದಿಟ್ಟು ನೋಡಿದ್ರೆ ರೆಕ್ಕೆ ಮೇಲೆಲ್ಲ ಬೂಷ್ಟು ಹಿಡಿದ ಹಾಗೆ ಬೆಳ್ಳಗೆ, ಹಸಿರೇ ಕಾಣಲ್ಲ, ಮೂಗಿನ ಹತ್ರ ಮಾತ್ರ ಇನ್ನೂ ಹೊಳೀತಾ ಉಂಟು. ಆಗಸ್ಟ್ 15ಕ್ಕೆ ನಮ್ಮೂರ ಶಾಲೆಯಲ್ಲಿ ಮಕ್ಕಳಿಗೆ ತೋರಿಸೋಕೆ ಇಡ್ಬೇಕು, ಇಲ್ಲಿ ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆ ನಿಲ್ಲೋ ಲಕ್ಷಣ ಇಲ್ಲ. ಇದನ್ನ ಉಳಿಸ್ಬಹುದಾ ಅಥವಾ ಎಲ್ಲ ತೆಗೆದು ಮತ್ತೆ ಬಳೀಬೇಕಾ? ನನಗೆ ಬೇಕಾಗಿರೋದು ಪೂರ್ತಿ ಹೊಳಪಿಲ್ಲದ ಮ್ಯಾಟ್ ಅಲ್ಲ, ಒಂಚೂರು ಮಾತ್ರ ಹೊಳಪಿರೋ ಸ್ಯಾಟಿನ್.

ಕುಶಾಲನಗರ_ಕಲರ್:

ಬ್ರೋ ನಾನು ಕಾರ್ ಪೈಂಟಿಂಗ್ ಕೆಲಸದಲ್ಲಿರೋನು, ಮಾಡೆಲ್ ಹವ್ಯಾಸ ಆಮೇಲೆ ಹತ್ತಿದ್ದು. ಇದಕ್ಕೆ ನಮ್ಮ ಶೆಡ್ಡಲ್ಲಿ ಬ್ಲಶ್ ಆಯ್ತು ಅಂತೀವಿ. ಲ್ಯಾಕರ್ ಥಿನ್ನರ್ ಬಹಳ ಬೇಗ ಆವಿ ಆಗತ್ತೆ, ಆವಿ ಆಗುವಾಗ ಬಣ್ಣದ ಮೇಲ್ಮೈಯ ಶಾಖ ಎಳ್ಕೊಂಡು ಹೋಗತ್ತೆ, ಮೇಲ್ಮೈ ತಣ್ಣಗಾದ ತಕ್ಷಣ ಸುತ್ತ ಇರೋ ಗಾಳಿಯ ತೇವ ಅದರ ಮೇಲೆ ಇಬ್ಬನಿ ಥರ ಕೂರತ್ತೆ, ಬಣ್ಣ ಇನ್ನೂ ಹಸಿ ಇರೋದ್ರಿಂದ ಆ ನೀರು ಒಳಗೆ ಸಿಕ್ಕಿ ಹಾಕ್ಕೊಂಡು ಬೆಳ್ಳಗೆ ಕಾಣತ್ತೆ. ನಮ್ಮ ಕುಶಾಲನಗರದ ಕಡೆ ಮಳೆ ಕಮ್ಮಿ, ಆದ್ರೂ ಜುಲೈಯಲ್ಲಿ ಶೆಡ್ಡಲ್ಲಿ ಇದೇ ಗೋಳು. ನಿಮ್ಮ ಮಡಿಕೇರಿ ಬದಿ ವರ್ಷಕ್ಕೆ 3000 ಮಿ.ಮೀ. ಮೇಲೆ ಸುರಿಯೋ ಜಾಗ, ಅದ್ರಲ್ಲೂ ವರಾಂಡ ಅಂದ್ರೆ ಮಂಜಿನ ಒಳಗೇ ನಿಂತು ಹೊಡೆದ ಹಾಗಾಯ್ತು. ತೆಗೆದು ಹಾಕ್ಬೇಡಿ, ಅದು ಹೋಗಿಲ್ಲ.

ಕಣದ_ಮನೆ:

ಕುಶಾಲನಗರದವರು ಹೇಳಿದ್ದು ಸರಿ, ಆದರೆ ಬೆಳ್ಳಗಾಗೋದ್ರಲ್ಲಿ ಎರಡು ಜಾತಿ ಉಂಟು, ಅದನ್ನ ಮೊದಲು ನೋಡ್ಕೊಳ್ಳಿ. ಮ್ಯಾಟ್ ಅಂದ್ರೆ ಎಂತ, ಕ್ಲಿಯರ್ ಒಳಗೆ ತುಂಬ ನುಣ್ಣಗಿನ ಸಿಲಿಕಾ ಪುಡಿ ಬೆರೆಸಿರ್ತಾರೆ, ಬಣ್ಣ ಒಣಗಿ ಕುಗ್ಗಿದಾಗ ಆ ಪುಡಿ ಮೇಲ್ಮೈಯನ್ನ ಕಣ್ಣಿಗೆ ಕಾಣದಷ್ಟು ಒರಟು ಮಾಡತ್ತೆ, ಬೆಳಕು ಕನ್ನಡಿ ಥರ ಒಂದೇ ದಿಕ್ಕಿಗೆ ಹೋಗದೆ ಎಲ್ಲ ಕಡೆ ಚದುರತ್ತೆ. ಪುಡಿ ಕಮ್ಮಿ ಇದ್ರೆ ಸ್ಯಾಟಿನ್, ಜಾಸ್ತಿ ಇದ್ರೆ ಮ್ಯಾಟ್, ಇನ್ನೂ ಜಾಸ್ತಿ ಆದ್ರೆ ಅಥವಾ ಒಂದೇ ಕಡೆ ದಪ್ಪಗೆ ಬಿದ್ರೆ ಆ ಪುಡಿಯೇ ಬೆಳ್ಳಗೆ ಕಾಣೋಕೆ ಶುರು ಆಗತ್ತೆ. ಅದು ಎರಡನೇ ಜಾತಿ, ಅದಕ್ಕೂ ಮಳೆಗೂ ಸಂಬಂಧ ಇಲ್ಲ, ಫೆಬ್ರವರಿ ಬಿಸಿಲಲ್ಲೂ ಆಗತ್ತೆ.

ಗುರುತು ಹೇಗೆ ಅಂದ್ರೆ, ತೇವದ ಬ್ಲಶ್ ಇಡೀ ಮೈ ಮೇಲೆ ಹಾಲು ಚೆಲ್ಲಿದ ಥರ ಹರಡಿರತ್ತೆ, ಬಣ್ಣ ಜಾಸ್ತಿ ಹಸಿಯಾಗಿ ಬಿದ್ದ ಕಡೆ ಹೆಚ್ಚು. ಪುಡಿಯ ಬೆಳ್ಳಗು ಪ್ಯಾನಲ್ ಲೈನಲ್ಲಿ (ತಗಡು ಸೇರೋ ಗೆರೆಯಲ್ಲಿ), ರೆಕ್ಕೆ ಮೈಗೆ ಸೇರೋ ಮೂಲೆಯಲ್ಲಿ, ಅಂದ್ರೆ ಬಣ್ಣ ಹರಿದು ನಿಂತ ಕಡೆ ಕೂತಿರತ್ತೆ. ನಿಮ್ಮದು ಯಾವುದು? ಮತ್ತೆ ಕ್ಯಾನ್ ಎಷ್ಟು ಹೊತ್ತು ಅಲ್ಲಾಡಿಸಿದ್ರಿ? ಮೂಗಲ್ಲಿ ಹೊಳಪು, ರೆಕ್ಕೆಯಲ್ಲಿ ಬೆಳ್ಳಗೆ ಅಂದ್ರೆ ಪುಡಿ ತಳದಲ್ಲಿ ಕೂತಿದ್ದು ಮೊದಲು ಬರೀ ಕ್ಲಿಯರ್ ಬಂದಿರೋ ಸಾಧ್ಯತೆಯೂ ಉಂಟು.

ಗಾಳಿಬೀಡು_ಹಂಟರ್:

ಅಣ್ಣ ಈಗ ಟಾರ್ಚ್ ಓರೆ ಹಿಡಿದು ನೋಡಿದೆ, ರೆಕ್ಕೆ ಪೂರ್ತಿ ಹಾಲಿನ ಥರ ಉಂಟು, ಮೂಲೆಯಲ್ಲಿ ಪುಡಿ ಇಲ್ಲ. ಹಾಗಾದ್ರೆ ತೇವವೇ. ಮನೆಯಲ್ಲಿ ಗಾಳಿಯ ತೇವ ಅಳೆಯೋ ಸಣ್ಣ ಹೈಗ್ರೋಮೀಟರ್ ಇಟ್ಟಿದ್ದೀನಿ, ಅದು ಶೇ. 90ರ ಮೇಲೆ ತೋರಿಸ್ತಾ ಉಂಟು. ಕ್ಯಾನ್ ಒಂದು ನಿಮಿಷ ಅಲ್ಲಾಡಿಸಿರಬಹುದು. ಏರ್‌ಬ್ರಶ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸೋ ಸಣ್ಣ ಗನ್) ಉಂಟು, 0.3 ಮಿ.ಮೀ. ನಾಝಲ್, ಸಣ್ಣ ಟ್ಯಾಂಕ್ ಇರೋ ಕಂಪ್ರೆಸರ್.

ಮೈಸೂರ್_ಕಿಟ್:

ಗುರು ನನ್ನ ಕೇಳಿದ್ರೆ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ತನಕ ಮುಟ್ಲೇಬೇಡಿ, ಹಬ್ಬ ಮುಗಿಸಿ ಡಿಸೆಂಬರಲ್ಲಿ ಒಂದೇ ಸಲ ಹೊಡೀರಿ, ನಾವಿಲ್ಲಿ ಮೈಸೂರಲ್ಲೂ ಲ್ಯಾಕರ್ ಕೆಲಸ ಎಲ್ಲ ಚಳಿಗಾಲಕ್ಕೆ ಇಟ್ಕೋತೀವಿ.

ಟ್ಯಾಂಕ್_ಸುಂಟಿಕೊಪ್ಪ:

ಡಿಸೆಂಬರಲ್ಲಿ ಕಾಫಿ ಕೊಯ್ಲು ಶುರು ಆಗತ್ತೆ, ಆಗ ತೋಟದವರ ಮನೆಯಲ್ಲಿ ಕೂತು ಬಣ್ಣ ಹೊಡೆಯೋಕೆ ಯಾರಿಗೆ ಪುರುಸೊತ್ತು. ನಮಗೆ ಮಾಡೆಲ್ ಕಟ್ಟೋಕೆ ಟೈಮ್ ಸಿಗೋದೇ ಮಳೆಗಾಲದಲ್ಲಿ, ಹೊರಗೆ ಕೆಲಸ ಇರಲ್ಲ, ಕರೆಂಟ್ ಇದ್ದಷ್ಟು ಹೊತ್ತು ಕೂರೋದು. ಅದಕ್ಕೇ ಮಳೆಯಲ್ಲೇ ಹೇಗೆ ಮಾಡೋದು ಅಂತ ಹೇಳಿ. ಅವರಿಗೆ ಆಗಸ್ಟ್ 15 ಬೇರೆ ಉಂಟು.

ಕಣದ_ಮನೆ:

ಮಳೆಯಲ್ಲೇ ಮಾಡ್ಬಹುದು, ನಾನು ಸಿದ್ದಾಪುರದ ಹತ್ರ ಇರೋದು, ನನ್ನ ಕಪಾಟಲ್ಲಿರೋ ಹೆಚ್ಚಿನ ವಿಮಾನ ಮಳೆಗಾಲದ್ದೇ.

ಮೊದಲು ಹಂಟರ್ ರಿಪೇರಿ. ಏರ್‌ಬ್ರಶಲ್ಲಿ ಲೆವೆಲಿಂಗ್ ಥಿನ್ನರ್ ಹಾಕಿ, ಅದು ಲ್ಯಾಕರ್ ಥಿನ್ನರೇ ಆದ್ರೆ ಅದರಲ್ಲಿ ರಿಟಾರ್ಡರ್ ಇರೋದ್ರಿಂದ ನಿಧಾನಕ್ಕೆ ಒಣಗತ್ತೆ. ಅದಕ್ಕೆ ಕಾಲು ಭಾಗದಷ್ಟು ಹೊಳಪಿನ ಲ್ಯಾಕರ್ ಕ್ಲಿಯರ್ ಸೇರಿಸಿ ತೆಳ್ಳಗೆ ಒಂದು ಮಂಜು ಕೋಟ್ ಹೊಡೀರಿ. ಬೆಳ್ಳಗಾದ ಪದರ ಸ್ವಲ್ಪ ಕರಗಿ ಮತ್ತೆ ತೆರ್ಕೊಳ್ಳತ್ತೆ, ಒಳಗಿನ ತೇವ ಹೋಗತ್ತೆ, ಹಸಿರು ನಿಮ್ಮ ಕಣ್ಣೆದುರೇ ವಾಪಸ್ ಬರತ್ತೆ. ಡೆಕಾಲ್ ಮೇಲೆ ಮಾತ್ರ ಒದ್ದೆ ಮಾಡ್ಬೇಡಿ, ಲ್ಯಾಕರ್ ಥಿನ್ನರ್ ನಿಂತ್ರೆ ಡೆಕಾಲ್ ಸುಕ್ಕಾಗತ್ತೆ, ಹಾಗಾಗಿ ಒಂದು ಸಲ ಹೊಡೆದು ಬಿಟ್ಟು, ಒಣಗಿದ ಮೇಲೆ ಇನ್ನೊಂದು ಸಲ.

ಇದನ್ನ ಹೊಡೆಯೋ ಮುಂಚೆ ಮಾಡೆಲ್ ಬೆಚ್ಚಗಿರಬೇಕು, ಗುಟ್ಟು ಇರೋದು ಇಲ್ಲೇ. ಗಾಳಿಯ ತೇವ ನೀವು ಕಮ್ಮಿ ಮಾಡೋಕೆ ಆಗಲ್ಲ, ಆದ್ರೆ ಪ್ಲಾಸ್ಟಿಕ್ಕಿನ ಮೈ ಕೋಣೆಯ ಗಾಳಿಗಿಂತ ಸ್ವಲ್ಪ ಬೆಚ್ಚಗಿದ್ರೆ ಅದು ಇಬ್ಬನಿ ಕೂರೋ ಮಟ್ಟಕ್ಕೆ ತಣ್ಣಗಾಗಲ್ಲ. ನಾನು ಒಂದು ಮರದ ಪೆಟ್ಟಿಗೆ ಒಳಗೆ ಹಳೇ ಕಾಲದ 60 ವಾಟ್ ಬಲ್ಬ್ ಹಾಕಿ, ಬಲ್ಬಿಂದ ದೂರದಲ್ಲಿ ಮಾಡೆಲ್ ಇಟ್ಟಿರ್ತೀನಿ, ಹೊಡೆಯೋಕೆ ಮುಂಚೆ ಅರ್ಧ ಗಂಟೆ, ಹೊಡೆದು ಮುಗಿಸಿ ಥಿನ್ನರ್ ವಾಸನೆ ಹಾರಿದ ಮೇಲೆ ಮತ್ತೆ ಅದರೊಳಗೇ. ಹಸಿ ಲ್ಯಾಕರ್ ಇರುವಾಗ ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿ ಬಲ್ಬ್ ಬೇಡವೇ ಬೇಡ, ಆ ಆವಿಗೆ ಬೆಂಕಿ ಹಿಡಿಯತ್ತೆ. ಎಲ್‌ಇಡಿ ಬಲ್ಬ್ ಇದಕ್ಕೆ ಪ್ರಯೋಜನ ಇಲ್ಲ, ಬಿಸಿ ಸಾಲಲ್ಲ. ಕೈಯಲ್ಲಿ ಹಿಡಿದಾಗ ಬೆಚ್ಚಗೆ ಅನ್ನಿಸ್ಬೇಕು ಅಷ್ಟೆ, ಜಾಸ್ತಿ ಆದ್ರೆ ರೆಕ್ಕೆ ಬಾಗತ್ತೆ. ಬೆಂಕಿ ಒಲೆ ಮೇಲೆ ಬಟ್ಟೆ ಒಣಗಿಸೋ ಕಡೆ ಇಡ್ಬೇಡಿ, ಮಸಿ ಕೂರತ್ತೆ.

ಇನ್ನು ಕಂಪ್ರೆಸರ್. ಟ್ಯಾಂಕಿನ ಅಡಿಯಲ್ಲಿ ಒಂದು ತಿರುಪು ಇರತ್ತೆ ನೋಡಿ, ಅದನ್ನ ಬಿಚ್ಚಿ ನೀರು ಇಳಿಸಿ. ಗಾಳಿ ಒತ್ತಿ ಬಿಸಿ ಆಗಿ ಆಮೇಲೆ ಪೈಪಲ್ಲಿ ತಣ್ಣಗಾಗುವಾಗ ನೀರು ಬಿಡತ್ತೆ, ಅದಕ್ಕೇ ವಾಟರ್ ಟ್ರ್ಯಾಪ್ ಕಂಪ್ರೆಸರ್ ಹತ್ರ ಒಂದೇ ಇದ್ರೆ ನಮ್ಮ ಕಡೆ ಸಾಕಾಗಲ್ಲ, ಉದ್ದ ಪೈಪ್ ಹಾಕಿ ಏರ್‌ಬ್ರಶ್ ಹಿಡಿಯ ಹತ್ರ ಇನ್ನೊಂದು ಸಣ್ಣ ಟ್ರ್ಯಾಪ್ ಸಿಗಿಸಿ.

ಗಾಳಿಬೀಡು_ಹಂಟರ್:

ಟ್ಯಾಂಕಿಂದ ನೀರು ಬಂತು ಅಣ್ಣ, ಅರ್ಧ ಲೋಟದಷ್ಟು! ರಿಪೇರಿ ಆದ ಮೇಲೆ ಸ್ಯಾಟಿನ್ ಯಾವುದು ಹಾಕ್ಲಿ? ಮತ್ತೆ ಅದೇ ಕ್ಯಾನ್ ಹೊಡೆಯೋಕೆ ಧೈರ್ಯ ಇಲ್ಲ.

ವಿರಾಜಪೇಟೆ_ಬ್ರಶ್:

ಲ್ಯಾಕರ್ ಬಿಟ್ಟು ನೀರಿನ ವಾರ್ನಿಶ್‌ಗೆ ಬನ್ನಿ ಅಂತ ನಾನು ಹೇಳೋದು. ನಾನು ಏರ್‌ಬ್ರಶ್ ಇಲ್ಲದೆ ಕೈಯಲ್ಲೇ ಬಳಿಯೋಳು, ವಲ್ಲೆಹೋ ಕಂಪನಿಯ ಸ್ಯಾಟಿನ್ ವಾರ್ನಿಶ್ ಮತ್ತು ಮ್ಯಾಟ್ ವಾರ್ನಿಶ್ ಎರಡೂ ಇಟ್ಕೊಂಡಿದ್ದೀನಿ, ಎರಡನ್ನೂ ಒಂದಕ್ಕೊಂದು ಬೆರೆಸ್ಬಹುದು, ಅದಕ್ಕೇ ನನಗೆ ಬೇಕಾದ ಹೊಳಪು ತಟ್ಟೆಯಲ್ಲೇ ಸಿಗತ್ತೆ. ನೀರಿನ ವಾರ್ನಿಶ್ ಲ್ಯಾಕರ್ ಥರ ತೇವಕ್ಕೆ ಬ್ಲಶ್ ಆಗಲ್ಲ, ನಿಧಾನಕ್ಕೆ ಒಣಗತ್ತೆ ಅಷ್ಟೆ, ಈ ಹವೆಯಲ್ಲಿ ಒಂದು ಕೋಟ್ ಹಾಕಿದ್ರೆ ಮಾರನೇ ದಿನದ ತನಕ ಮುಟ್ಟಲ್ಲ ನಾನು. ಅಗಲದ ಮೆತ್ತನೆ ಬ್ರಶ್, ತೆಳ್ಳಗೆ, ಒಂದೇ ದಿಕ್ಕಿಗೆ, ಒಮ್ಮೆ ಎಳೆದ ಜಾಗಕ್ಕೆ ಅರೆಬರೆ ಒಣಗಿರುವಾಗ ವಾಪಸ್ ಹೋಗ್ಬಾರ್ದು, ಹೋದ್ರೆ ಗೆರೆ ಬೀಳತ್ತೆ. ಬಾಟಲಿಯನ್ನ ಜೋರಾಗಿ ಕುಲುಕಿ ತಕ್ಷಣ ಬಳಿದ್ರೆ ಗುಳ್ಳೆ ಬರತ್ತೆ, ಕುಲುಕಿ ಸ್ವಲ್ಪ ಹೊತ್ತು ಬಿಟ್ಟು ತಟ್ಟೆಗೆ ಹಾಕ್ಕೊಳ್ಳಿ.

ಒಂದು ವಿಷಯ, ವಲ್ಲೆಹೋಗೆ ಲ್ಯಾಕರ್ ಥಿನ್ನರ್ ಸೇರಿಸ್ಬೇಡಿ, ಮೊಸರು ಒಡೆದ ಹಾಗೆ ಗಂಟಾಗತ್ತೆ, ಏರ್‌ಬ್ರಶ್ ಕಟ್ಕೊಂಡ್ರೆ ಬಿಚ್ಚೋಕೆ ಅರ್ಧ ದಿನ. ಅದಕ್ಕೆ ಅದರದ್ದೇ ಥಿನ್ನರ್.

ಕಣದ_ಮನೆ:

ಅಕ್ಕ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಉಂಟು, ಕೈ ಅಷ್ಟು ಹದ ಇದ್ರೆ ಬ್ರಶಲ್ಲೇ ಆಗತ್ತೆ. ಆದ್ರೆ ಗಾಳಿಬೀಡಿನವರ ಹತ್ರ ಏರ್‌ಬ್ರಶ್ ಇರುವಾಗ ನಾನು ಟಮಿಯಾ ಕಂಪನಿಯ ಎಕ್ಸ್-35 ಸೆಮಿ ಗ್ಲಾಸ್ ಕ್ಲಿಯರ್ ಹೇಳ್ತೀನಿ, ಅದು ಅಕ್ರಿಲಿಕ್, ಅವರದ್ದೇ ಎಕ್ಸ್-20ಎ ಥಿನ್ನರಲ್ಲಿ ಅರ್ಧಕ್ಕರ್ಧ ತೆಳ್ಳಗೆ ಮಾಡಿ ಗಾಳಿಯ ಒತ್ತಡ 15 ಪಿಎಸ್‌ಐ ಸುತ್ತಮುತ್ತ ಇಟ್ಟು ಹೊಡೀರಿ. ಇನ್ನೂ ಸ್ವಲ್ಪ ಮಂಕು ಬೇಕು ಅಂದ್ರೆ ಅದಕ್ಕೇ ಎಕ್ಸ್‌ಎಫ್-86 ಫ್ಲಾಟ್ ಕ್ಲಿಯರ್ ಸ್ವಲ್ಪ ಸ್ವಲ್ಪ ಬೆರೆಸಿ. ಎಕ್ಸ್-21 ಫ್ಲಾಟ್ ಬೇಸ್ ಅಂತ ಇನ್ನೊಂದು ಬಾಟಲಿ ಬರತ್ತೆ, ಅದು ವಾರ್ನಿಶ್ ಅಲ್ಲ, ಬರೀ ಮಂಕು ಮಾಡೋ ವಸ್ತು, ಅದನ್ನ ಒಂಟಿಯಾಗಿ ಹೊಡೆದ್ರೆ ಮಾಡೆಲ್ ಸುಣ್ಣ ಬಳಿದ ಗೋಡೆ ಆಗತ್ತೆ. ಎಕ್ಸ್-22 ಹೊಳಪಿನ ಕ್ಲಿಯರ್‌ಗೆ ಸೇರಿಸೋಕೆ ಇರೋದು, ಹತ್ತು ಭಾಗಕ್ಕೆ ಒಂದು ಭಾಗದಿಂದ ಶುರು ಮಾಡಿ, ಹಳೇ ಪ್ಲಾಸ್ಟಿಕ್ ಚಮಚದ ಬೆನ್ನ ಮೇಲೆ ಹೊಡೆದು ಒಣಗಿಸಿ ನೋಡಿ, ಹಸಿಯಲ್ಲಿ ನೋಡಿ ತೀರ್ಮಾನ ಮಾಡ್ಬೇಡಿ, ಯಾಕಂದ್ರೆ ಹಸಿ ಇರುವಾಗ ಮ್ಯಾಟೂ ಹೊಳೀತದೆ.

ಹೊಡೆಯೋ ರೀತಿಯಲ್ಲೂ ಹೊಳಪು ಬದಲಾಗತ್ತೆ, ಇದನ್ನ ತುಂಬ ಜನ ಗಮನಿಸಲ್ಲ. ಅದೇ ಬಾಟಲಿ, ಅದೇ ಥಿನ್ನರ್. ಹತ್ರದಿಂದ ಹಸಿಯಾಗಿ ಬಿದ್ರೆ ಪದರ ಸಮತಟ್ಟಾಗಿ ಹರಡಿ ಸ್ಯಾಟಿನ್ ಕಡೆ ಹೋಗತ್ತೆ, ದೂರದಿಂದ ಒತ್ತಡ ಜಾಸ್ತಿ ಇಟ್ಟು ಹೊಡೆದ್ರೆ ಹನಿಗಳು ಗಾಳಿಯಲ್ಲೇ ಅರ್ಧ ಒಣಗಿ ಬಂದು ಕೂತು ಇನ್ನೂ ಮಂಕಾಗತ್ತೆ, ಕೈ ಸವರಿದ್ರೆ ಮರಳು ಕಾಗದದ ಥರ ತಾಗತ್ತೆ. ಆ ಮರಳು ಮೈ ಮಂಕು ಬೇಡ, ಫೋಟೋದಲ್ಲಿ ಕೆಟ್ಟದಾಗಿ ಬರತ್ತೆ. ನಾಲ್ಕೈದು ಇಂಚು ದೂರ, ಕೈ ನಿಲ್ಲಿಸದೆ ಎಳೀರಿ, ಓರೆ ಬೆಳಕಲ್ಲಿ ಒದ್ದೆ ಅಂಚು ಕಾಣ್ತಾ ಇರ್ಬೇಕು ಆದ್ರೆ ಹರಿಯಬಾರದು.

ಕುಶಾಲನಗರ_ಕಲರ್:

ಇಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ ಅಣ್ಣ. ಅಕ್ರಿಲಿಕ್ ಸುಲಭ ಹೌದು, ಆದ್ರೆ ಲ್ಯಾಕರ್ ಮ್ಯಾಟ್ ಅಷ್ಟು ನುಣ್ಣಗೆ ಬರಲ್ಲ. ಮಿಸ್ಟರ್ ಕಲರ್ ಜಿಎಕ್ಸ್-114 ಅನ್ನೋ ಲ್ಯಾಕರ್ ಮ್ಯಾಟ್ ಒಂದು ಸಲ ಹೊಡೆದವನಿಗೆ ಬೇರೆ ಯಾವುದೂ ಹಿಡಿಸಲ್ಲ, ಬಟ್ಟೆ ಥರ ಮೆತ್ತಗೆ ಕಾಣತ್ತೆ. ರಿಟಾರ್ಡರ್ ಒಂದೆರಡು ಹನಿ, ಬೆಚ್ಚಗಿನ ಮಾಡೆಲ್, ಮಳೆ ಹೊಳವಾದ ಮಧ್ಯಾಹ್ನ ನೋಡ್ಕೊಂಡು ಹೊಡೆದ್ರೆ ಜುಲೈಯಲ್ಲೂ ಆಗತ್ತೆ. ಕ್ಯಾನ್ ಇದ್ದವರು ಅದನ್ನ ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಒಳಗಿನ ಗೋಲಿ ಸದ್ದು ಕೇಳಿದ ಮೇಲೂ ಎರಡು ನಿಮಿಷ ಅಲ್ಲಾಡಿಸಿ, ಒಂದು ಗೇಣು ದೂರದಿಂದ. ಬಿಸಿ ನೀರು, ಒಲೆ ಹತ್ರ ಮಾತ್ರ ಯಾವತ್ತೂ ಬೇಡ, ಕ್ಯಾನ್ ಸಿಡಿಯತ್ತೆ.

ವಿರಾಜಪೇಟೆ_ಬ್ರಶ್:

ಲ್ಯಾಕರ್ ನುಣುಪು ಅನ್ನೋದು ಒಪ್ತೀನಿ. ಆದ್ರೆ ಮಳೆಗಾಲದಲ್ಲಿ ಕಿಟಕಿ ತೆರೆದ್ರೆ ತೇವ ಒಳಗೆ ಬರತ್ತೆ, ಮುಚ್ಚಿದ್ರೆ ಥಿನ್ನರ್ ಹೊಗೆ ಒಳಗೇ ನಿಲ್ಲತ್ತೆ, ಮನೆಯಲ್ಲಿ ಮಗು, ವಯಸ್ಸಾದವರು ಇರೋರು ಎಂತ ಮಾಡೋದು? ಬಟ್ಟೆ ಮಾಸ್ಕ್, ಎನ್95 ಹಾಕ್ಕೊಂಡು ಸಾಕು ಅಂತ ಇರೋರು ತುಂಬ ಜನ ಇದ್ದಾರೆ, ಅದು ಧೂಳು ತಡೀತದೆ, ಥಿನ್ನರ್ ಆವಿ ತಡಿಯಲ್ಲ. ಆವಿಗೆ ಕಾರ್ಬನ್ ಕಾರ್ಟ್ರಿಡ್ಜ್ ಇರೋ ರೆಸ್ಪಿರೇಟರ್ ಬೇಕು. ನೀರಿನ ಬಣ್ಣ ಸ್ಪ್ರೇ ಮಾಡಿದ್ರೂ ಮಾಸ್ಕ್ ಬೇಕು, ಆ ಸಿಲಿಕಾ ಪುಡಿ ಶ್ವಾಸಕ್ಕೆ ಹೋಗ್ಬಾರ್ದು.

ಕುಶಾಲನಗರ_ಕಲರ್:

ಅದು ನೂರಕ್ಕೆ ನೂರು ನಿಜ ಅಕ್ಕ. ನಮ್ಮ ಕೆಲಸದಲ್ಲಿ ಮಾಸ್ಕ್ ಇಲ್ಲದೆ ವರ್ಷಾನುಗಟ್ಟಲೆ ಹೊಡೆದವರ ಉಸಿರು ಎಂಥದ್ದು ಅಂತ ನೋಡಿದ್ದೀನಿ. ಮನೆಯೊಳಗೆ ಮಗು ಇದ್ರೆ ಲ್ಯಾಕರ್ ಬೇಡವೇ ಬೇಡ.

ಮೈಸೂರ್_ಕಿಟ್:

ಒಂದು ಡೌಟು. ಹಂಟರ್‌ಗೆ ಸ್ಯಾಟಿನ್ ಯಾಕೆ? ಯುದ್ಧ ವಿಮಾನ ಅಂದ್ಮೇಲೆ ಮ್ಯಾಟೇ ಅಲ್ವಾ ಇರೋದು, ಕ್ಯಾಮೊಫ್ಲಾಜ್ ಹೊಳೆದ್ರೆ ಅದರ ಉದ್ದೇಶವೇ ಹೋಯ್ತಲ್ಲ.

ಕಣದ_ಮನೆ:

ಹಾಗೆ ಅನ್ನಿಸತ್ತೆ, ಆದ್ರೆ ಒರಟು ಬಣ್ಣ ಗಾಳಿಯನ್ನ ಹಿಡಿದು ವಿಮಾನದ ವೇಗ ಕಮ್ಮಿ ಮಾಡತ್ತೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ರಾತ್ರಿ ವಿಮಾನಗಳಿಗೆ ಮಸಿ ಥರದ ಕಪ್ಪು ಬಣ್ಣ ಬಳಿದಿತ್ತು, ಅದು ಎಷ್ಟು ಒರಟು ಅಂದ್ರೆ ಮಾಸ್ಕಿಟೋ ವಿಮಾನದ ವೇಗವೇ ಕಮ್ಮಿ ಆಯ್ತು, ಆಮೇಲೆ ನುಣುಪು ಬಣ್ಣಕ್ಕೆ ಬಂದ್ರು. ಜೆಟ್ ಕಾಲಕ್ಕೆ ಬಂದ್ರೆ ನುಣುಪು ಇನ್ನೂ ಮುಖ್ಯ. ಹಾರಾಟದಲ್ಲಿರೋ ವಿಮಾನವನ್ನ ಒರೆಸ್ತಾರೆ, ಉಜ್ಜುತ್ತಾರೆ, ಹಾಗಾಗಿ ಒಂಚೂರು ಹೊಳಪು ಇರತ್ತೆ, ಬಿಸಿಲಿಗೆ ಬಿಟ್ಟು ಹಳೇದಾದ್ರೆ ಮಂಕು. ನಿಮ್ಮ ವಿಮಾನದ ಆ ಕಾಲದ ಫೋಟೋ ನೋಡಿ, ಬೆನ್ನ ಮೇಲೆ ಬೆಳಕಿನ ಗೆರೆ ಎಷ್ಟು ಚೂಪಾಗಿ ಉಂಟು ಅಂತ, ಅದೇ ಉತ್ತರ.

ಮತ್ತೆ ಸ್ಕೇಲಿನ ವಿಷಯ. 72 ಪಟ್ಟು ಸಣ್ಣದು ಅಂದ್ರೆ ನಿಜವಾದ ವಿಮಾನವನ್ನ ದೂರದಿಂದ ನೋಡಿದ ಲೆಕ್ಕ, ದೂರಕ್ಕೆ ಹೊಳಪು ಕಮ್ಮಿಯಾಗಿ ಕಾಣತ್ತೆ. ಅಸಲು ಸೆಮಿ ಗ್ಲಾಸ್ ಇದ್ರೆ ಮಾಡೆಲಿಗೆ ಸ್ಯಾಟಿನ್ ಸಾಕು, ಅಸಲು ಸ್ಯಾಟಿನ್ ಇದ್ರೆ ಮ್ಯಾಟ್ ಕಡೆ ಇನ್ನೊಂದು ಹೆಜ್ಜೆ. ಮ್ಯಾಟ್ ಕೋಟ್ ಬಿದ್ದ ಮೇಲೆ ಬಣ್ಣ ತಿಳಿಯಾಗಿ ಕಾಣತ್ತೆ ಅನ್ನೋದೂ ನೆನಪಿರ್ಲಿ, ಹಸಿರು ಹೊಂದಿದೆಯಾ ಇಲ್ವಾ ಅಂತ ಕೊನೆ ಕೋಟ್ ಆದ ಮೇಲೇ ಹೇಳೋಕಾಗೋದು.

ಟ್ಯಾಂಕ್_ಸುಂಟಿಕೊಪ್ಪ:

ನಮ್ಮ ಟ್ಯಾಂಕಿನವರಿಗೆ ಆ ತಲೆನೋವಿಲ್ಲ, ಸೆಂಚೂರಿಯನ್ ಮಾಡ್ತಾ ಇದ್ದೀನಿ, 1965ರ ನಮ್ಮ ಸೇನೆಯದ್ದು, ಅದಕ್ಕೆ ಪೂರ್ತಿ ಮ್ಯಾಟೇ. ಆದ್ರೆ ಕ್ರಮ ಮಾತ್ರ ಒಂದೇ ಅಂತ ಹೊಸಬರಿಗೆ ಹೇಳ್ಬೇಕು: ಬಣ್ಣ ಆದ ಮೇಲೆ ಮೊದಲು ಹೊಳಪಿನ ಕೋಟ್, ಅದರ ಮೇಲೆ ಡೆಕಾಲ್. ಮ್ಯಾಟ್ ಮೇಲೇ ನೇರ ಡೆಕಾಲ್ ಹಾಕಿದ್ರೆ ಆ ಒರಟು ಮೈಯ ಸಂದಿಯಲ್ಲಿ ಗಾಳಿ ಉಳಿದು ಡೆಕಾಲ್ ಅಂಚು ಬೆಳ್ಳಿ ಥರ ಮಿಂಚತ್ತೆ. ಡೆಕಾಲ್ ಆದ ಮೇಲೆ ವಾಶ್ (ಗೆರೆಗಳಿಗೆ ಬಿಡೋ ನೀರಾದ ಗಾಢ ಬಣ್ಣ), ಹೊಳಪಿನ ಮೈಯಲ್ಲಿ ವಾಶ್ ಗೆರೆಯೊಳಗೆ ತಾನೇ ಓಡತ್ತೆ. ಆಮೇಲೆ ಮ್ಯಾಟ್. ಮಣ್ಣಿನ ಪಿಗ್ಮೆಂಟ್ ಪುಡಿ ಎಲ್ಲದಕ್ಕಿಂತ ಕೊನೆಗೆ, ಅದು ಮ್ಯಾಟ್ ಮೇಲೆ ಮಾತ್ರ ಹಿಡ್ಕೊಳ್ಳತ್ತೆ, ಅದರ ಮೇಲೆ ಮತ್ತೆ ವಾರ್ನಿಶ್ ಹೊಡೆದ್ರೆ ಅರ್ಧ ಪುಡಿ ಮಾಯ ಆಗತ್ತೆ.

ಟ್ಯಾಂಕಲ್ಲೂ ಎಲ್ಲ ಕಡೆ ಒಂದೇ ಮಂಕು ಇಟ್ರೆ ಸತ್ತ ಹಾಗೆ ಕಾಣತ್ತೆ. ಸೈನಿಕರು ಹತ್ತಿ ಇಳಿಯೋ ಜಾಗ, ಹ್ಯಾಚಿನ ಅಂಚು, ಅಲ್ಲೆಲ್ಲ ಒಣಗಿದ ಮ್ಯಾಟನ್ನ ಹತ್ತಿ ಕಡ್ಡಿಯಲ್ಲಿ ಮೆತ್ತಗೆ ಉಜ್ಜಿ, ಪುಡಿಯ ತುದಿ ಸವೆದು ಅಷ್ಟೇ ಜಾಗ ಸ್ಯಾಟಿನ್ ಆಗತ್ತೆ. ಇದಕ್ಕೆ ಬೇರೆ ಬಾಟಲಿಯೇ ಬೇಡ. ಟ್ರ್ಯಾಕಿನ ಉಬ್ಬು ಭಾಗಕ್ಕೆ ಪೆನ್ಸಿಲ್ ಸೀಸ ಉಜ್ಜಿದ್ರೆ ಸವೆದ ಕಬ್ಬಿಣ ಬಂತು. ಇದೇ ಕಾರಣಕ್ಕೆ ಮ್ಯಾಟ್ ಆದ ಮಾಡೆಲನ್ನ ಬರಿಗೈಯಲ್ಲಿ ಹಿಡೀಬೇಡಿ, ಬೆರಳಿನ ಜಿಡ್ಡು ಕೂತ ಕಡೆ ಹೊಳಪು ಕಲೆ ಆಗತ್ತೆ.

ಗಾಳಿಬೀಡು_ಹಂಟರ್:

ಇದೆಲ್ಲ ಬರೆದಿಟ್ಕೊಂಡೆ. ಇನ್ನೊಂದು ಪ್ರಶ್ನೆ, ಇದಾದ ಮೇಲೆ ಮಿಸ್ಟೇರ್ 4ಎ ಯುದ್ಧ ವಿಮಾನ ಮಾಡ್ಬೇಕು ಅಂತ ಉಂಟು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ನೆನಪಿಗೆ. ಶಾಲೆ ಮಕ್ಕಳಿಗೆ ಅವರ ಹೆಸರಿನ ಮಡಿಕೇರಿಯ ಸರ್ಕಲ್ ಗೊತ್ತು, ಅವರು 1965 ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಯಲ್ಲಿ ಆ ಹಳೇ ವಿಮಾನದಲ್ಲಿ ಎಫ್-104 ಸ್ಟಾರ್‌ಫೈಟರ್ ಹೊಡೆದು ಉರುಳಿಸಿದ್ದು, 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂದಿದ್ದು ತುಂಬ ಮಕ್ಕಳಿಗೆ ಗೊತ್ತಿಲ್ಲ. ವಿಮಾನ ಕಣ್ಣೆದುರು ಇದ್ರೆ ಕಥೆ ಹೇಳೋದು ಸುಲಭ. ಮಿಸ್ಟೇರ್‌ಗೂ ಇದೇ ಸ್ಯಾಟಿನ್ ನಡೆಯತ್ತಾ?

ಕಣದ_ಮನೆ:

ತುಂಬ ಒಳ್ಳೆ ಕೆಲಸ ಮಾಡ್ತಾ ಇದ್ದೀರಿ, ಕೊಡಗಿನ ಪ್ರತಿ ಶಾಲೆಯಲ್ಲೂ ಆ ವಿಮಾನ ಇರ್ಬೇಕು.

ಫ್ರಾನ್ಸಿಂದ ಬಂದಾಗ ಮಿಸ್ಟೇರ್‌ಗಳಿಗೆ ಬಣ್ಣ ಇರ್ಲಿಲ್ಲ, ಬರೀ ಲೋಹದ ಮೈ. ಆ ರೂಪದಲ್ಲಿ ಮಾಡೋದಾದ್ರೆ ಮೈಗೆ ಮ್ಯಾಟೂ ಬೇಡ ಸ್ಯಾಟಿನ್ನೂ ಬೇಡ, ಕ್ಲಿಯರ್ ಏನು ಬಿದ್ರೂ ಲೋಹ ಹೋಗಿ ಬೂದು ಬಣ್ಣ ಆಗತ್ತೆ. ಹೊಳಪಿನ ಕಪ್ಪು ಬೇಸ್, ಅದು ಕನ್ನಡಿ ಥರ ಒಣಗಿದ ಮೇಲೆ ಆಲ್‌ಕ್ಲಾಡ್ ಥರದ ಲೋಹದ ಲ್ಯಾಕರ್ ತೆಳ್ಳಗೆ, ಅಷ್ಟಕ್ಕೇ ಬಿಡಿ. ಇದು ಮಾತ್ರ ಮಳೆಗಾಲದ ಕೆಲಸ ಅಲ್ಲ, ಕಪ್ಪು ಬೇಸಲ್ಲಿ ಒಂಚೂರು ಬ್ಲಶ್ ಆದ್ರೂ ಲೋಹದಲ್ಲಿ ಎದ್ದು ಕಾಣತ್ತೆ, ಇದಕ್ಕೆ ಮೈಸೂರಿನವರು ಹೇಳಿದ ಹಾಗೆ ಚಳಿಗಾಲಕ್ಕೇ ಕಾಯಿರಿ. ಟೈರ್, ಚಕ್ರದ ಗೂಡು, ಕಾಕ್‌ಪಿಟ್ ಒಳಗೆ ಮಾತ್ರ ಮ್ಯಾಟ್. ಹೊಳೆಯೋ ಮೈ ಪಕ್ಕದಲ್ಲಿ ಮಂಕು ಟೈರ್ ಇದ್ರೆ ಎರಡೂ ಎದ್ದು ಕಾಣತ್ತೆ.

ಗಾಳಿಬೀಡು_ಹಂಟರ್:

ಅಪ್‌ಡೇಟ್. ನಿನ್ನೆ ಮಧ್ಯಾಹ್ನ ಸ್ವಲ್ಪ ಹೊಳವಾಯ್ತು, ಬಲ್ಬಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಾಡಿ ಲೆವೆಲಿಂಗ್ ಥಿನ್ನರ್ ಕೋಟ್ ಹೊಡೆದೆ. ಮೊದಲ ಕೋಟಿಗೇ ಎಡ ರೆಕ್ಕೆ ಹಸಿರು ವಾಪಸ್ ಬಂತು, ಬಲಗಡೆ ಎರಡನೇ ಕೋಟಿಗೆ. ಡೆಕಾಲ್ ಸುರಕ್ಷಿತ. ಇವತ್ತು ಎಕ್ಸ್-35ಗೆ ಎಕ್ಸ್‌ಎಫ್-86 ಸ್ವಲ್ಪ ಸೇರಿಸಿ ಚಮಚದ ಮೇಲೆ ನೋಡಿ, ಆಮೇಲೆ ವಿಮಾನದ ಮೇಲೆ ಹೊಡೆದೆ. ಬೆನ್ನ ಮೇಲೆ ಟ್ಯೂಬ್‌ಲೈಟ್ ಬೆಳಕು ಗೆರೆಯಾಗಿ ಕಾಣದೆ ಹರಡಿದ ಪಟ್ಟಿಯಾಗಿ ಕಾಣ್ತಾ ಉಂಟು, ನನಗೆ ಬೇಕಾಗಿದ್ದು ಇದೇ. ಕ್ಯಾನಪಿ (ಪೈಲಟ್ ಕೂರೋ ಜಾಗದ ಗಾಜು) ಮೇಲೆ ಅಂಟಿಸಿದ ಮಾಸ್ಕ್ ಟೇಪ್ ಯಾವಾಗ ತೆಗೀಲಿ?

ವಿರಾಜಪೇಟೆ_ಬ್ರಶ್:

ತುಂಬ ಖುಷಿ ಆಯ್ತು. ಮಾಸ್ಕ್ ನಾಳೆ ತೆಗೀರಿ, ಪೂರ್ತಿ ಒಣಗದೆ ಎಳೆದ್ರೆ ವಾರ್ನಿಶ್ ಅಂಚು ಹರಿದು ಬರತ್ತೆ. ತೆಗೆಯೋ ಮುಂಚೆ ಟೇಪಿನ ಅಂಚಿಗೆ ಹೊಸ ಬ್ಲೇಡಲ್ಲಿ ಹಗುರಾಗಿ ಒಂದು ಗೆರೆ ಎಳ್ಕೊಳ್ಳಿ. ಗಾಜಿನ ಭಾಗಕ್ಕೆ ಮಂಕು ತಾಗಿದ್ರೆ ಹೆದರ್ಬೇಡಿ, ಅಷ್ಟು ಜಾಗಕ್ಕೆ ಎಕ್ಸ್-22 ಹೊಳಪಿನ ಕ್ಲಿಯರ್ ಸಣ್ಣ ಬ್ರಶಲ್ಲಿ ಒಂದು ಸಲ ಎಳೆದ್ರೆ ಮತ್ತೆ ಸ್ವಚ್ಛ ಆಗತ್ತೆ.

ಟ್ಯಾಂಕ್_ಸುಂಟಿಕೊಪ್ಪ:

ಶಾಲೆಗೆ ಒಯ್ಯುವಾಗ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ, ಮತ್ತೆ ವಿಮಾನವನ್ನ ಹತ್ತಿ ಕೈಗವಸು ಹಾಕ್ಕೊಂಡೇ ಎತ್ತಿ. ಮಕ್ಕಳು ಮುಟ್ಟೋಕೆ ಬರ್ತಾರೆ, ಅವರಿಗೆ ಅಂತ ಬೇರೆ ಹಳೇ ಮಾಡೆಲ್ ಒಂದು ಹೊಳಪಿನ ಕೋಟಲ್ಲಿ ಪಕ್ಕದಲ್ಲಿ ಇಡಿ, ಬೆರಳಚ್ಚು ಬಿದ್ರೂ ಒದ್ದೆ ಬಟ್ಟೆಯಲ್ಲಿ ಒರೆಸ್ಬಹುದು. ನನ್ನ ಹತ್ರ ಒಂದು ಜೀಪ್ ಉಂಟು, ಬೇಕಾದ್ರೆ ಶನಿವಾರ ಮಡಿಕೇರಿಗೆ ಬರುವಾಗ ತಂದು ಕೊಡ್ತೀನಿ.

ಗಾಳಿಬೀಡು_ಹಂಟರ್:

ಖಂಡಿತ ಬೇಕು ಅಣ್ಣ, ಶನಿವಾರ ಬಸ್ ಸ್ಟ್ಯಾಂಡ್ ಹತ್ರ ಸಿಗ್ತೀನಿ. ಕಣದ ಮನೆ ಅಣ್ಣ, ಮಿಸ್ಟೇರ್ ಕಪ್ಪು ಬೇಸ್ ಶುರು ಮಾಡೋ ಹೊತ್ತಿಗೆ ಇಲ್ಲೇ ಕೇಳ್ತೀನಿ.